ಹೂಂಗುಟ್ಟಿದ್ದನ್ನು ಒಪ್ಪಿಗೆ ಅಂದುಕೊಂಡಾಗ

ನನ್ನ ಹತ್ತಿರ ಸಲಹೆ ಕೇಳಲು ಬಂದ ಒಬ್ಬರ ಕಥೆ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಆಕೆಗೆ 31 ವರ್ಷ. ಮಂಡ್ಯ ಕಡೆಯವರು. ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸ, ಮನೆ ಭಾರತದವರು ಜಾಸ್ತಿ ಇರುವ ನಿಶಿಕಸಾಯ್‌ನಲ್ಲಿ. ನನಗೆ ಸಂಜೆ ಆರೂವರೆ ಆದಾಗ ಅವರಿಗೆ ರಾತ್ರಿ ಹತ್ತು. ವಿಡಿಯೋ ಕಾಲ್‌ನಲ್ಲಿ ಮೊದಲ ಮಾತೇ, "ಮೇಡಂ, ಇಲ್ಲಿ ಆಫೀಸಿನವರು ಎದುರಿಗೆ ಹೂಂ ಅಂತಾರೆ, ಹಿಂದಿನಿಂದ ಕೈ ಕೊಡ್ತಾರೆ." ಮೂರು ವಾರದಿಂದ ನಿದ್ದೆ ಇಲ್ಲ. ರಾಜೀನಾಮೆ ಪತ್ರ ಬರೆದಿಟ್ಟುಕೊಂಡಿದ್ದರು.

ಹಾಗೆ ಅನ್ನಿಸಿದ ಮೀಟಿಂಗ್‌ನಲ್ಲಿ ಏನಾಯಿತು, ಒಂದೊಂದಾಗಿ ಹೇಳಿ ಅಂದೆ. ಟೆಸ್ಟಿಂಗ್ ಮಾಡುವ ಹೊಸ ವಿಧಾನವೊಂದನ್ನು ಇವರು ವಿವರಿಸುತ್ತಾ ಹೋದರು, ಟೀಮ್ ಲೀಡರ್ "ಹಾಯ್, ಹಾಯ್" (ಜಪಾನಿಯಲ್ಲಿ "ಹೌದು") ಅಂತ ತಲೆಯಾಡಿಸುತ್ತಲೇ ಇದ್ದರು. ಆಮೇಲೆ ಹಲ್ಲಿನ ಸಂದಿಯಲ್ಲಿ "ಸ್ಸ್..." ಅಂತ ಉಸಿರೆಳೆದುಕೊಂಡರು, ತಲೆ ಒಂದು ಕಡೆ ವಾಲಿಸಿದರು, "ಚೊತ್ತೊ ಮುಜುಕಶೀ ದೆಸು ನೆ" ಅಂದರು. ಸ್ವಲ್ಪ ಕಷ್ಟ ಅಂತ. ಇವರು, ಕಷ್ಟ ಆದರೇನು, ನಾನೇ ಮಾಡ್ತೀನಿ ಅಂದುಕೊಂಡು ಎರಡು ವಾರ ರಜೆಯಲ್ಲೂ ಕೂತು ಮಾಡಿ ಮುಗಿಸಿದರು. ಯಾರೂ ಅದನ್ನು ಮುಟ್ಟಲಿಲ್ಲ.

ಅಲ್ಲಿ "ಹಾಯ್" ಅಂದರೆ ಎಷ್ಟೋ ಸಲ ಕೇಳಿಸಿಕೊಳ್ತಿದ್ದೀನಿ ಅಂತ ಅಷ್ಟೇ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುತ್ತವಲ್ಲ, ಹಾಗೆ. "ಬೇಡ" ಅನ್ನುವ ಉತ್ತರ ಆ "ಸ್ಸ್"ನಲ್ಲೇ ಇತ್ತು.

ನಾನು ಕೇಳಿದೆ: "ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು, ಕೇಸರಿಬಾತ್ ತಿಂದು, ಊರಿಗೆ ಹೋಗಿ ಕಾಗದ ಬರೀತೀವಿ ಅಂದರೆ ನಿಮ್ಮಮ್ಮ ಏನಂದುಕೊಳ್ತಾರೆ?"

ಸ್ವಲ್ಪ ಹೊತ್ತು ಮಾತಿಲ್ಲ. "ಬೇಡ ಅಂದರು ಅಂತ."

"ಮೋಸ ಮಾಡಿದರು ಅಂತಾರಾ?"

"ಇಲ್ಲ. ಮುಖದ ಮೇಲೆ ಹೇಳೋಕಾಗದೆ ಹಾಗಂದರು ಅಂತಾರೆ."

ಆ ರಾತ್ರಿ ಆಕೆ ಅತ್ತರು. ತನ್ನನ್ನು ಕಂಡರೆ ಆಗಲ್ಲ ಅಂದುಕೊಂಡಿದ್ದು ಬರೀ ಒಂದು ಐಡಿಯಾಗೆ ಹೇಳಿದ "ಬೇಡ" ಆಗಿತ್ತು.

ಎರಡನೇ ಸಲ ಮಾತಾಡಿದಾಗ ಇನ್ನೊಂದು ಸಂಗತಿ ಬಂತು, ಅದನ್ನೂ ಮುಚ್ಚಿಡದೆ ಹೇಳಿದೆ. ಶುಕ್ರವಾರ ಕೊಡಬೇಕಿದ್ದ ಕೆಲಸ ಸೋಮವಾರವೇ ಸಿಕ್ಕಿಹಾಕಿಕೊಂಡಿತ್ತು. ಕೇಳಿದವರಿಗೆಲ್ಲ ಇವರು "ಆಗುತ್ತೆ" ಅಂದರು. ಹೇಗಾದರೂ ಸರಿಮಾಡಿ ಕೊಡೋಣ ಅನ್ನುವ ಒಳ್ಳೆ ಮನಸ್ಸೇ ಅದು. ಆದರೆ ಆಗಲ್ಲ ಅಂತ ಶುಕ್ರವಾರ ಬೆಳಿಗ್ಗೆ ತಿಳಿಸಿದಾಗ ಲೀಡರ್ ಮುಖ ಕಲ್ಲಾಯಿತು. ಅಲ್ಲಿ "ಹೋರೆನ್ಸೋ" ಅಂತ ಹೊಸಬರಿಗೆ ಮೊದಲೇ ಕಲಿಸುತ್ತಾರೆ: ವರದಿ ಮಾಡು, ಸುದ್ದಿ ಮುಟ್ಟಿಸು, ಸಲಹೆ ಕೇಳು. ಇವಕ್ಕಿರುವ ಜಪಾನಿ ಭಾಷೆಯ ಮೂರು ಪದಗಳ ಮೊದಲಕ್ಷರ ಕೂಡಿಸಿದ್ದು. ಪಾಲಕ್ ಸೊಪ್ಪಿಗೂ ಅದೇ ಹೆಸರು, ಹಾಗಾಗಿ ಮರೆಯಲ್ಲ. ತಡವಾಗಿದ್ದಕ್ಕಿಂತ ತಡವಾಗಿ ತಿಳಿಸಿದ್ದು ಅವರಿಗೆ ಜಾಸ್ತಿ ನೋವು ಕೊಟ್ಟಿರುತ್ತೆ.

ನಾನು ಹೇಳಿದ್ದು ಇಷ್ಟು. ಕೆಲಸ ಸಿಕ್ಕಿಕೊಂಡ ದಿನವೇ ಬಾಯಿಬಿಡಿ, ಪರಿಹಾರ ಕೈಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ. ಹೊಸ ಐಡಿಯಾ ಇದ್ದರೆ ಮೀಟಿಂಗ್‌ಗೆ ಮೊದಲು ಒಬ್ಬೊಬ್ಬರ ಹತ್ತಿರ ಮಾತಾಡಿ. ಇದಕ್ಕೆ ಅವರು "ನೆಮವಾಶಿ" ಅಂತಾರೆ, ಆ ಪದದ ಮೂಲ ಅರ್ಥ ಮರ ಕಿತ್ತು ಬೇರೆ ಕಡೆ ನೆಡುವ ಮೊದಲು ಬೇರಿನ ಸುತ್ತ ಬಿಡಿಸಿ ಸಿದ್ಧ ಮಾಡುವುದು. ಎಲ್ಲರ ಮುಂದೆ "ಓಕೆನಾ?" ಅಂತ ಕೇಳಬೇಡಿ, ಪಾಪ, ಇಲ್ಲ ಅನ್ನೋಕೆ ಅವರಿಗೆ ದಾರಿಯೇ ಇರಲ್ಲ. "ಇದರಲ್ಲಿ ಯಾವ ಭಾಗ ಕಷ್ಟ?" ಅಂತ ಕೇಳಿ. ರಾತ್ರಿ ಹತ್ತರ ಮೇಲೆ ಆಫೀಸಿನ ಚಾಟ್ ತೆಗೆಯಬೇಡಿ.

ಐದು ವಾರದ ನಂತರ ಫೋನ್ ಬಂತು. ಇನ್ನೊಂದು ಕೆಲಸ ತಡವಾಗುತ್ತೆ ಅಂತ ನಾಲ್ಕು ದಿನ ಮೊದಲೇ ಹೇಳಿದರಂತೆ, ಲೀಡರ್ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು ಕೆಲಸ ಹಂಚಿಕೊಟ್ಟರಂತೆ. ನಿದ್ದೆ ಪರವಾಗಿಲ್ಲ. ರಾಜೀನಾಮೆ ಪತ್ರ ಇನ್ನೂ ಅಳಿಸಿಲ್ಲ, ಅಳಿಸಿ ಅಂತ ನಾನೂ ಹೇಳಿಲ್ಲ.