ಗಾರೆ ಕೆಲಸಕ್ಕೆ ಊರು ಬಿಟ್ಟು ಬಂದವರ ಮಕ್ಕಳ ಓದು ಯಾಕೆ ನಿಲ್ಲುತ್ತದೆ?

ಫೀಸಿಗಿಂತ ಹೆಚ್ಚಾಗಿ ಕೂಸಿನ ಕಾರಣಕ್ಕೆ. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಬಂದು ಶೆಡ್ಡಿನಲ್ಲಿರುವ ಮನೆಯಲ್ಲಿ ತಾಯಿಯೂ ಇಟ್ಟಿಗೆ ಹೊರಲು ಹೋದರೆ, ಚಿಕ್ಕದನ್ನು ಎತ್ತಿಕೊಂಡು ಉಳಿಯುವವಳು ದೊಡ್ಡ ಮಗಳು. ಹಾಗಾಗಿ ಮೂರು ತುಂಬಿದ ಕೂಸಿಗೆ ಮೊದಲು ಅಂಗನವಾಡಿ ಹುಡುಕಿ. ಅಕ್ಕನ ಶಾಲೆ ಆಮೇಲೆ ಸಲೀಸು.

ಟಿಸಿ ತಂದಿಲ್ಲವೆಂದು ಸರ್ಕಾರಿ ಶಾಲೆಯವರು ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾದರೂ 8ನೇ ತರಗತಿವರೆಗೆ ಸೇರಿಸಿಕೊಳ್ಳಬೇಕು. ನಡುವೆ ಓದು ಬಿಟ್ಟ ಮಗುವಾದರೆ 4ನೇ ಸೆಕ್ಷನ್: ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ. ಈ ತರಬೇತಿಯನ್ನು ಬಾಯಿಬಿಟ್ಟು ಕೇಳಿ; ಇಲ್ಲದಿದ್ದರೆ ಐದನೇ ತರಗತಿಯಲ್ಲಿ ಕೂತ ಮಗು ಎರಡನೇ ತರಗತಿ ಲೆಕ್ಕಕ್ಕೇ ತಡವರಿಸಿ ಮತ್ತೆ ಶೆಡ್ಡಿಗೆ ಬರುತ್ತದೆ. ಊರು ಬಿಡುವಾಗ ಮಗುವಿನ ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೆ ಇರುವ ಗುರುತಿನ ಸಂಖ್ಯೆ) ಬರೆದುಕೊಂಡಿರಿ, ಹಳೆಯ ದಾಖಲೆ ಹುಡುಕಲು ಅದೊಂದು ಸಾಕು.