ಎಣ್ಣೆ ಮುಗಿದ ಮೇಲೆ ತಿಮೋರ್-ಲೆಸ್ತೆ ಹೇಗೆ ಬದುಕುತ್ತದೆ?

ನಿಮ್ಮ ಪ್ರಶ್ನೆ ಹೀಗಿದೆ: "ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್‌ಗೆ ಹೊಸದಾಗಿ ಸೇರಿದ ತಿಮೋರ್-ಲೆಸ್ತೆ ಎಂಥ ದೇಶ? ಸರ್ಕಾರ ಹೇಗೆ ನಡೆಯುತ್ತದೆ? ಪೆಟ್ರೋಲಿಯಂ ಎಣ್ಣೆ ಬಿಟ್ಟರೆ ಅವರಿಗೆ ಬೇರೆ ಏನಾದರೂ ಇದೆಯಾ?"

ಇದೆ. ಕಾಫಿ ಇದೆ. ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ಕೆಲವು ವರ್ಷಗಳ ಹಿಂದೆ ಅಲ್ಲಿನ ಎರ್ಮೆರಾ ಎಂಬ ಬೆಟ್ಟದ ಸೀಮೆಯಲ್ಲಿ ಒಂದು ಕುಯ್ಲಿನ ಕಾಲ ಪೂರ್ತಿ ಇದ್ದೆ. ಹಣ್ಣು ಪಲ್ಪ್ ಮಾಡಿ, ಅಂದರೆ ಸಿಪ್ಪೆ ಬಿಡಿಸಿ, ಬೀಜ ಒಣಗಿಸುವುದನ್ನು ಹೇಳಿಕೊಡುವ ಕೆಲಸ. ಅದಕ್ಕೇ ಈ ಉತ್ತರದಲ್ಲಿ ಕಾಫಿ ವಿಷಯ ಸ್ವಲ್ಪ ಜಾಸ್ತಿಯೇ ಬರುತ್ತದೆ.

ಮೊದಲು ನಕ್ಷೆ ನೋಡಿ. ಬಾಲಿಯಿಂದ ಪೂರ್ವಕ್ಕೆ ದ್ವೀಪಗಳ ಸಾಲು ಹಿಡಿದು ಹೋದರೆ ತಿಮೋರ್ ಎಂಬ ಉದ್ದನೆಯ ದ್ವೀಪ ಸಿಗುತ್ತದೆ. ಪಶ್ಚಿಮದ ಅರ್ಧ ಇಂಡೋನೇಷ್ಯಾದ್ದು, ಪೂರ್ವದ ಅರ್ಧ ಈ ದೇಶ. ಒಯೆಕುಸಿ ಎಂಬ ಒಂದು ತುಂಡು ಮಾತ್ರ ಬೇರೆಯಾಗಿ, ಇಂಡೋನೇಷ್ಯಾದ ನೆಲದ ನಡುವೆ ಕರಾವಳಿಯಲ್ಲಿ ಉಳಿದುಬಿಟ್ಟಿದೆ. ಪೋರ್ಚುಗೀಸರ ಹಳೆಯ ರಾಜಧಾನಿ ಲಿಫಾವ್ ಇದ್ದದ್ದು ಅಲ್ಲೇ. 1769ರಲ್ಲಿ ಅವರು ಅದನ್ನು ದಿಲಿಗೆ ಸಾಗಿಸಿದರು. ಇವತ್ತಿಗೂ ದಿಲಿಯೇ ರಾಜಧಾನಿ. ಬಹಳ ಕಾಲ ಆ ಇಡೀ ವಸಾಹತು ಗೋವಾದಲ್ಲಿ ಕೂತಿದ್ದ ವೈಸರಾಯ್ ಕೈಕೆಳಗಿತ್ತು.

ದೇಶದ ವಿಸ್ತೀರ್ಣ ಸುಮಾರು 15,000 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. 2022ರ ಜನಗಣತಿ ಪ್ರಕಾರ ಜನಸಂಖ್ಯೆ 13 ಲಕ್ಷ 41 ಸಾವಿರ. ಅದರಲ್ಲಿ ಅರ್ಧದಷ್ಟು ಜನ ಇಪ್ಪತ್ತರ ಆಸುಪಾಸಿನವರು ಅಥವಾ ಅದಕ್ಕೂ ಚಿಕ್ಕವರು. ನಡುವೆ ಬೆಟ್ಟಗಳದ್ದೇ ಸಾಲು. ಎತ್ತರದ ರಮೆಲಾವ್ ಶಿಖರ ಮೂರು ಸಾವಿರ ಮೀಟರ್‌ಗೆ ಸ್ವಲ್ಪವೇ ಕಡಿಮೆ. ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರ್ ಮೇಲೆ! ಉತ್ತರದ ಕಡೆ ಬೆಟ್ಟ ನೇರವಾಗಿ ಸಮುದ್ರಕ್ಕೇ ಇಳಿಯುತ್ತದೆ, ಅಲ್ಲಿ ಒಣ ಹವೆ. ದಕ್ಷಿಣದಲ್ಲಿ ಮಳೆ ಜಾಸ್ತಿ, ಬಯಲೂ ಅಗಲ. ಬೇಸಿಗೆಯಲ್ಲಿ ಬರೀ ಕಲ್ಲು ಕಾಣುವ ನದಿಗಳು ಮಳೆ ಬಂದರೆ ಊರನ್ನೇ ನುಂಗುತ್ತವೆ. ಏಪ್ರಿಲ್ 2021ರಲ್ಲಿ ಸೆರೋಜಾ ಚಂಡಮಾರುತ ಬಂದಾಗ ದಿಲಿಯಲ್ಲಿ ಆದದ್ದು ಇದೇ.

ಸರ್ಕಾರದ ಬಗ್ಗೆ ಹೇಳುವ ಮೊದಲು ಎರಡು ಮಾತು ಇತಿಹಾಸ ಬೇಕು. 1975ರ ನವೆಂಬರ್ 28ರಂದು ಪೋರ್ಚುಗಲ್‌ನಿಂದ ಸ್ವಾತಂತ್ರ್ಯ ಘೋಷಿಸಿಕೊಂಡರು. ಒಂಬತ್ತೇ ದಿನಕ್ಕೆ ಇಂಡೋನೇಷ್ಯಾದ ಸೇನೆ ನುಗ್ಗಿತು. ಆಮೇಲೆ 24 ವರ್ಷ ಯುದ್ಧ, ಹಸಿವು, ಸಾವು. 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆ ಜನಮತ ನಡೆಸಿದಾಗ ಶೇಕಡ 78.5 ಮಂದಿ ಇಂಡೋನೇಷ್ಯಾ ಬೇಡ ಅಂದರು. ಆ ಸಿಟ್ಟಿಗೆ ಇಂಡೋನೇಷ್ಯಾ ಪರವಾದ ಗುಂಪುಗಳು ಊರೂರು ಸುಟ್ಟವು. ಮನೆ, ಶಾಲೆ, ವಿದ್ಯುತ್ ಲೈನು, ಏನೂ ಉಳಿಯಲಿಲ್ಲ. 2002ರ ಮೇ 20ರಂದು ದೇಶ ಮತ್ತೆ ಸ್ವತಂತ್ರವಾಯಿತು. ಅಂದರೆ ಈ ಸರ್ಕಾರ ಶುರುವಾಗಿದ್ದೇ ಬೂದಿಯ ಮೇಲೆ. ಅವರ ಇವತ್ತಿನ ಸ್ಥಿತಿ ನೋಡುವಾಗ ಇದು ನೆನಪಿರಲಿ.

ಅಲ್ಲಿ ರಾಷ್ಟ್ರಪತಿಯನ್ನು ಜನರೇ ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ. ದಿನನಿತ್ಯದ ಆಡಳಿತ ಪ್ರಧಾನಿಯದ್ದು. ಆದರೆ ರಾಷ್ಟ್ರಪತಿ ಸುಮ್ನೆ ಸಹಿ ಹಾಕಿ ಕೂರುವವರಲ್ಲ. ಮಸೂದೆ ತಡೆಯಬಹುದು, ಬಿಕ್ಕಟ್ಟು ಬಂದರೆ ಸಂಸತ್ತನ್ನು ವಿಸರ್ಜಿಸಬಹುದು. 2018ರಲ್ಲಿ ಆಗಿನ ರಾಷ್ಟ್ರಪತಿ ಕೆಲವು ಮಂತ್ರಿಗಳಿಗೆ ಪ್ರಮಾಣವಚನ ಬೋಧಿಸಲು ಒಪ್ಪಲೇ ಇಲ್ಲ. ಸಂಸತ್ತಿನಲ್ಲಿ 65 ಸ್ಥಾನ. ನಮ್ಮ ಹಾಗೆ ಕ್ಷೇತ್ರಗಳಿಲ್ಲ, ಇಡೀ ದೇಶವೇ ಒಂದು ಕ್ಷೇತ್ರ. ಜನ ಪಕ್ಷಕ್ಕೆ ಓಟು ಹಾಕುತ್ತಾರೆ, ಓಟಿನ ಪಾಲಿನಂತೆ ಸ್ಥಾನ ಹಂಚುತ್ತಾರೆ. ಶೇಕಡ 4 ದಾಟದ ಪಕ್ಷಕ್ಕೆ ಏನೂ ಇಲ್ಲ. ಪಕ್ಷದ ಪಟ್ಟಿಯಲ್ಲಿ ಪ್ರತಿ ಮೂರು ಹೆಸರಿಗೆ ಒಂದಾದರೂ ಹೆಣ್ಣಿನ ಹೆಸರು ಇರಲೇಬೇಕು. ಇದು ನನಗೆ ತುಂಬಾ ಮೆಚ್ಚುಗೆಯಾದ ನಿಯಮ.

ಈಗ ಪ್ರಧಾನಿ ಶನಾನಾ ಗುಸ್ಮಾವ್, ರಾಷ್ಟ್ರಪತಿ ಜೋಸೆ ರಾಮೋಸ್-ಹೊರ್ತಾ. ಮೊದಲನೆಯವರು ಕಾಡಿನಲ್ಲಿ ಗೆರಿಲ್ಲಾ ಹೋರಾಟ ನಡೆಸಿ ಜಕಾರ್ತಾದಲ್ಲಿ ಸೆರೆಯಲ್ಲಿದ್ದವರು. ಎರಡನೆಯವರು ಹೊರದೇಶಗಳಲ್ಲಿ ದನಿ ಎತ್ತಿ 1996ರಲ್ಲಿ ಅಲ್ಲಿನದೇ ಬಿಷಪ್ ಬೆಲೊ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಹೋರಾಟದ ಪೀಳಿಗೆ ಇನ್ನೂ ಕುರ್ಚಿ ಬಿಟ್ಟಿಲ್ಲ ಎಂಬ ಬೇಸರ ಯುವಕರಲ್ಲಿದೆ. ಸೆಪ್ಟೆಂಬರ್ 2025ರಲ್ಲಿ ಸಂಸದರಿಗೆಲ್ಲ ಹೊಸ ಕಾರು ಕೊಡಿಸಲು ಹೊರಟಾಗ ವಿದ್ಯಾರ್ಥಿಗಳು ದಿಲಿಯಲ್ಲಿ ಬೀದಿಗಿಳಿದರು. ಸಂಸತ್ತು ಕಾರು ಖರೀದಿ ಕೈಬಿಟ್ಟಿತು. ಸಂಸದರ ಜೀವಮಾನದ ಪಿಂಚಣಿಯೂ ರದ್ದಾಯಿತು. ಆದರೆ ಚುನಾವಣೆಯಲ್ಲಿ ಸೋತವರು ಅಧಿಕಾರ ಬಿಟ್ಟು ಇಳಿಯುವ ಪದ್ಧತಿ ಅಲ್ಲಿ ಬೇರೂರಿದೆ. ಅಕ್ಕಪಕ್ಕದ ಎಷ್ಟು ದೇಶಗಳ ಬಗ್ಗೆ ಈ ಮಾತು ಹೇಳಬಹುದು, ಅಲ್ವಾ?

ಇನ್ನು ದುಡ್ಡು. ತಿಮೋರ್ ಸಮುದ್ರದ ಎಣ್ಣೆ-ಅನಿಲದಿಂದ ಬಂದ ಹಣವನ್ನೆಲ್ಲ 2005ರಲ್ಲಿ ಮಾಡಿದ ಪೆಟ್ರೋಲಿಯಂ ನಿಧಿಗೆ ಹಾಕುತ್ತಾರೆ. ನಾರ್ವೆಯ ಮಾದರಿ. ಅದರಲ್ಲಿ ಸುಮಾರು 18 ಶತಕೋಟಿ ಡಾಲರ್ ಇದೆ. ನಿಯಮ ಸರಳ: ಬಡ್ಡಿ ತಿನ್ನಿ, ಅಸಲು ಮುಟ್ಟಬೇಡಿ. ಒಟ್ಟು ಪೆಟ್ರೋಲಿಯಂ ಸಂಪತ್ತಿನ ಶೇಕಡ 3ರಷ್ಟನ್ನು ವರ್ಷಕ್ಕೆ ತೆಗೆದರೆ ನಿಧಿ ಕರಗುವುದಿಲ್ಲ ಎಂಬ ಲೆಕ್ಕ. ಆದರೆ ಸಂಸತ್ತಿಗೆ ಕಾರಣ ಕೊಟ್ಟು ಜಾಸ್ತಿ ತೆಗೆಯಲು ಕಾನೂನಿನಲ್ಲೇ ದಾರಿ ಇದೆ. ವರ್ಷವರ್ಷವೂ ಹಾಗೇ ತೆಗೆಯುತ್ತಿದ್ದಾರೆ. ಬಜೆಟ್‌ನ ಬಹುಪಾಲು ಬರುವುದು ಅಲ್ಲಿಂದಲೇ. ಇತ್ತ ಬಾಯು-ಉಂದಾನ್ ಎಂಬ ಅನಿಲ ಕ್ಷೇತ್ರ ಬತ್ತಿ 2025ರಲ್ಲಿ ಉತ್ಪಾದನೆ ನಿಂತೇಹೋಯಿತು. ಹೀಗೇ ಹೋದರೆ 2030ರ ದಶಕದಲ್ಲೇ ನಿಧಿ ಖಾಲಿಯಾಗುತ್ತದೆ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಎಚ್ಚರಿಸಿದೆ.

ಉಳಿದಿರುವ ದೊಡ್ಡ ಆಸೆ ಗ್ರೇಟರ್ ಸನ್‌ರೈಸ್. 1974ರಲ್ಲೇ ಪತ್ತೆಯಾದ ಕ್ಷೇತ್ರ, ಇನ್ನೂ ಒಂದು ಹನಿ ತೆಗೆದಿಲ್ಲ. 2018ರಲ್ಲಿ ಆಸ್ಟ್ರೇಲಿಯಾ ಜೊತೆ ಸಮುದ್ರದ ಗಡಿ ಒಪ್ಪಂದವಾಯಿತು. ಪೈಪು ತಿಮೋರ್ ದಡಕ್ಕೆ ಬಂದರೆ ಇವರಿಗೆ ಶೇಕಡ 70 ಪಾಲು, ಆಸ್ಟ್ರೇಲಿಯಾದ ಡಾರ್ವಿನ್‌ಗೆ ಹೋದರೆ ಶೇಕಡ 80. ಪಾಲು ಕಡಿಮೆಯಾದರೂ ಪರವಾಗಿಲ್ಲ, ಕಾರ್ಖಾನೆ ಮತ್ತು ಕೆಲಸ ನಮ್ಮ ನೆಲಕ್ಕೇ ಬರಲಿ ಎಂದು ಗುಸ್ಮಾವ್ ಹಟ. ಆ ಹಟ ನನಗೆ ಅರ್ಥವಾಗುತ್ತದೆ. ಆದರೆ ನಡುವೆ ಮೂರು ಸಾವಿರ ಮೀಟರ್ ಆಳದ ಕಂದಕವಿದೆ. ಪೈಪು ಅದನ್ನು ದಾಟಬೇಕು.

ಈಗ ಬೆಟ್ಟಕ್ಕೆ ಬನ್ನಿ. ದೇಶದ ಕಾಲು ಭಾಗದಷ್ಟು ಕುಟುಂಬಗಳಿಗೆ ಕಾಫಿಯಿಂದ ಒಂದಿಷ್ಟು ಕೈಕಾಸು ಬರುತ್ತದೆ. ಎಣ್ಣೆ-ಅನಿಲ ಬಿಟ್ಟರೆ ಅವರ ಮುಖ್ಯ ರಫ್ತೇ ಅದು. ನಮ್ಮ ಕುಯ್ಲು ನವೆಂಬರ್‌ನಿಂದ, ಅವರದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಎರ್ಮೆರಾದ ತೋಟ ನೋಡಿದರೆ ನಮ್ಮ ಕಡೆಯವರಿಗೆ ಕರುಳು ಚುರ್ ಅನ್ನುತ್ತದೆ. ಗಿಡ ಅಂತ ಹೇಳುವ ಹಾಗೇ ಇಲ್ಲ, ಮರಗಳು. ಗಿಡಕಸಿ, ಅಂದರೆ ಕೊಂಬೆ ಸವರುವುದು, ಕಾಣದೆ ಎಷ್ಟೋ ದಶಕ ಕಳೆದಿದೆ. ಬುಡವೆಲ್ಲ ಬೋಳು, ಹಣ್ಣು ತುದಿಯಲ್ಲಿ ಮಾತ್ರ. ಹುಡುಗರು ಹತ್ತಿ ಕೊಂಬೆ ಬಗ್ಗಿಸುತ್ತಾರೆ, ಹೆಂಗಸರು ಕೆಳಗೆ ನಿಂತು ಕೀಳುತ್ತಾರೆ. ರಸ್ತೆ ಪಕ್ಕದಲ್ಲೇ ಟಾರ್ಪಾಲು ಹಾಸಿ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿದ ಬೀಜ, ಒಣಗಿಸುತ್ತಾರೆ. ಮೋಡ ಕಂಡರೆ ಮನೆಮಂದಿಯೆಲ್ಲ ಓಡಿಬಂದು ಅದನ್ನು ಮಡಚುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ, ಇಳುವರಿಯೂ ಇಲ್ಲ. ಆದರೆ ಸರಿಯಾಗಿ ಸಂಸ್ಕರಿಸಿದ, ಎರ್ಮೆರಾದ ಲೆಟೆಫೊಹೊ ಊರಿನ ಕಾಫಿಯ ರುಚಿ ಕುಡಿದವರಿಗೇ ಗೊತ್ತು.

ನಮಗೂ ಆ ಬೆಟ್ಟಗಳಿಗೂ ಒಂದು ಋಣವಿದೆ. 1920ರ ದಶಕದಲ್ಲಿ ಅಲ್ಲಿನ ಒಂದು ತೋಟದಲ್ಲಿ ಅರೇಬಿಕಾ ಮತ್ತು ರೋಬಸ್ಟಾ ತಾವಾಗಿಯೇ ಬೆರೆತ ಗಿಡ ಸಿಕ್ಕಿತು. ಎಲೆಯ ತುಕ್ಕು ರೋಗವನ್ನು ತಡೆದುಕೊಳ್ಳುವ ಗಿಡ. ಅದೇ ತಿಮೋರ್ ಹೈಬ್ರಿಡ್. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಕೊಟ್ಟ ಕಾವೇರಿ, ಚಂದ್ರಗಿರಿ ಎರಡೂ ತಳಿಗಳಲ್ಲಿ ಆ ಗಿಡದ ರಕ್ತವಿದೆ. ನಮ್ಮ ಅರ್ಧ ಎಕರೆ ಚಂದ್ರಗಿರಿಯ ಅಜ್ಜಿಮನೆ ತಿಮೋರ್ ಅಂತಲೇ ನಾನು ಎಲ್ಲರಿಗೂ ಹೇಳುವುದು.

ಉಳಿದ ಬೇಸಾಯ ಮೆಕ್ಕೆಜೋಳ, ಗೆಣಸು, ಸ್ವಲ್ಪ ಭತ್ತ. ಅಕ್ಕಿ ಹೊರಗಿನಿಂದ ಬರಬೇಕು. ಮೆಕ್ಕೆಜೋಳ ಕೈಗೆ ಬರುವ ಮೊದಲಿನ ತಿಂಗಳುಗಳು ಹಸಿವಿನ ಕಾಲ. ಐದು ವರ್ಷದೊಳಗಿನ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. 18 ಶತಕೋಟಿ ಡಾಲರ್ ಇಟ್ಟುಕೊಂಡ ದೇಶದಲ್ಲಿ ಇದನ್ನು ನೋಡುವುದು ಕಷ್ಟ. ಚಲಾವಣೆಯಲ್ಲಿರುವುದೂ ಅಮೆರಿಕದ ಡಾಲರೇ, ಚಿಲ್ಲರೆಗೆ ಮಾತ್ರ ಅವರದೇ ಸೆಂತಾವೊ ನಾಣ್ಯ. ಅದರಿಂದ ಬೆಲೆ ಒಂದು ಹತೋಟಿಯಲ್ಲಿರುತ್ತದೆ ನಿಜ. ಆದರೆ ಸುತ್ತಲಿನ ದೇಶಗಳ ಸರಕಿನ ಮುಂದೆ ಇವರ ಸರಕು ದುಬಾರಿಯಾಗುತ್ತದೆ.

2024ರ ಆಗಸ್ಟ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಸೇರಿದರು, 2025ರ ಅಕ್ಟೋಬರ್‌ನಲ್ಲಿ ಹನ್ನೊಂದನೆಯ ಸದಸ್ಯರಾಗಿ ಆಸಿಯಾನ್. ಬಾಗಿಲು ತೆರೆದಿದೆ. ಸದ್ಯಕ್ಕೆ ಆ ಬಾಗಿಲಿನಿಂದ ಸರಕಿಗಿಂತ ಹುಡುಗರೇ ಹೊರಗೆ ಹೋಗುತ್ತಿದ್ದಾರೆ. ಆಸ್ಟ್ರೇಲಿಯಾದ ಹಣ್ಣಿನ ತೋಟ, ಕೊರಿಯಾದ ಕಾರ್ಖಾನೆ. ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಕ್ಕವರಿಗೆ 2020ರವರೆಗೆ ಬ್ರಿಟನ್ ಕೂಡ ಇತ್ತು. ಅವರು ಕಳಿಸುವ ಹಣ ಕಾಫಿ ರಫ್ತಿಗಿಂತ ಜಾಸ್ತಿ. ನನ್ನ ಜೊತೆ ಪಲ್ಪರ್ ತಿರುಗಿಸುತ್ತಿದ್ದ ಹುಡುಗನೂ ಈಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿದ್ದಾನೆ. ತೋಟದಲ್ಲಿ ಅವನ ಅಪ್ಪ-ಅಮ್ಮ ಇಬ್ಬರೇ.

ಎಣ್ಣೆ ಮುಗಿದ ಮೇಲೆ ಏನು ಅಂತ ಕೇಳಿದಿರಿ. ನನ್ನ ಅಭಿಪ್ರಾಯ ಹೇಳುತ್ತೇನೆ. ಮುದಿ ಕಾಫಿ ಗಿಡವನ್ನು ಬುಡದ ಹತ್ತಿರ ಕಡಿದು ಚಿಗುರಿಸಿದರೆ ಇಳುವರಿ ಎಷ್ಟೋ ಪಟ್ಟು ಏರುತ್ತದೆ. ಅಲ್ಲಿನ ರೈತರಿಗೂ ಇದು ಗೊತ್ತು, ಕೆಲವು ಕಡೆ ಮಾಡಿದ್ದಾರೆ ಕೂಡ. ಆದರೆ ಕಡಿದ ಗಿಡ ಎರಡು-ಮೂರು ವರ್ಷ ಫಸಲು ಕೊಡುವುದಿಲ್ಲ. ಇರುವ ಒಂದೇ ಕೈಕಾಸನ್ನು ಅಷ್ಟು ಕಾಲ ಬಿಟ್ಟು ಕೂರಲು ಯಾವ ಬಡವನಿಗೂ ಧೈರ್ಯ ಬರುವುದಿಲ್ಲ. ಆ ಎರಡು-ಮೂರು ವರ್ಷದ ನಷ್ಟವನ್ನು ಪೆಟ್ರೋಲಿಯಂ ನಿಧಿ ತುಂಬಿಕೊಡಬೇಕು. ದಕ್ಷಿಣ ಕರಾವಳಿಯ ಸುವಾಯಿಯಲ್ಲಿ ಕಟ್ಟಿದ ವಿಮಾನ ನಿಲ್ದಾಣಕ್ಕೆ, ಹೆದ್ದಾರಿಗೆ ಸುರಿದ ಹಣದ ಮುಂದೆ ಇದು ಏನೇನೂ ಅಲ್ಲ. ನಿಧಿಯಲ್ಲಿ ಹಣ ಇರುವಾಗಲೇ ಇದಾಗಬೇಕು, ಅದಕ್ಕೆ ಇನ್ನು ಹೆಚ್ಚೆಂದರೆ ಹತ್ತು-ಹನ್ನೆರಡು ಕುಯ್ಲುಗಳ ಕಾಲ ಉಳಿದಿದೆ.