ಹುಲಿಮರಿ ಮತ್ತು ಹಟ್ಟಿಯ ಕರು

ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರದ ಸಾರ: ಅಳಿಯ ಗಲ್ಫಿನಿಂದ ತಂದ ಹಳೆಯ ಎಕ್ಸ್‌ಬಾಕ್ಸ್‌ನಲ್ಲಿ (ಟಿ.ವಿ.ಗೆ ಜೋಡಿಸುವ ಆಟದ ಯಂತ್ರ) ಏಳು ವರ್ಷದ ಮೊಮ್ಮಗ ಮರಿ ಸಾಕುವ ‘ಕೈನೆಕ್ಟಿಮಲ್ಸ್’ ಎಂಬ ಆಟ ಆಡುತ್ತಾನೆ. ಚಾವಡಿಯ ಬಾಗಿಲು ಮುಚ್ಚಿಕೊಂಡು, ಬರಿಗೈಯನ್ನು ಗಾಳಿಯಲ್ಲಿ ಆಡಿಸಿ ಟಿ.ವಿ.ಯೊಳಗಿನ ಹುಲಿಮರಿಯ ತಲೆ ಸವರುತ್ತಾನೆ. ಹಟ್ಟಿಯಲ್ಲಿ ಕರು ಹುಟ್ಟಿ ತಿಂಗಳಾದರೂ ಅತ್ತ ಸುಳಿದಿಲ್ಲ. ಯಂತ್ರ ಮಗುವಿನ ಮನಸ್ಸು ಕೆಡಿಸಿತೇ? ಇನ್ನೊಬ್ಬ ಮೊಮ್ಮಗನೂ ಕೇಳುತ್ತಿದ್ದಾನೆ, ಕೊಡಿಸಬಹುದೇ?

ಸಂಪಾದಕರ ಉತ್ತರ: ಆ ಹುಲಿಮರಿಯ ಎದುರು ಮರ್ಯಾದೆ ಕಳೆದುಕೊಂಡವನು ನಾನು. ಕುಂಬಳೆಯಲ್ಲಿ ತಂಗಿಯ ಮಗಳು “ಮಾವ, ಹಾರಿ, ಮರಿಯೂ ಹಾರುತ್ತದೆ” ಎಂದಳು. ಹಾರಿದೆ. ಮರಿ ಮಿಸುಕಲಿಲ್ಲ. ಉಟ್ಟ ಮುಂಡಿನೊಳಗೆ ನನ್ನ ಕಾಲು ಎಲ್ಲಿದೆಯೆಂದು ಯಂತ್ರಕ್ಕೆ ತಿಳಿದಿರಲಿಲ್ಲ. ಮುಂಡನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಮೇಲೆ ಮರಿಯೂ ಹಾರಿತು. ಎಕ್ಸ್‌ಬಾಕ್ಸ್‌ಗೆ ಜೋಡಿಸಿ ಟಿ.ವಿ.ಯ ಬಳಿ ಇಡುವ ಕೈನೆಕ್ಟ್ ಎಂಬ ಕ್ಯಾಮೆರಾ ಪಟ್ಟಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲುತ್ತದೆ. ಅವು ಬಿದ್ದ ಬಗೆಯಿಂದ ಎದುರಿದ್ದವರ ದೂರ ಅಳೆದು, ಭುಜ, ಮೊಣಕೈ, ಮಂಡಿ ಎಂದು ಮೈಯ 20 ಜಾಗಗಳನ್ನು ಗುರುತಿಸುತ್ತದೆ. ಬಿಸಿಲಿನಲ್ಲೂ ಅವಕೆಂಪು ಇರುವುದರಿಂದ ಚಾವಡಿಗೆ ಬಿಸಿಲು ಬಿದ್ದರೆ ಅದು ಕುರುಡಾಗುತ್ತದೆ. ನಿಮ್ಮ ಹುಡುಗ ಬಾಗಿಲು ಮುಚ್ಚುವುದು ಇದಕ್ಕೇ ಇರಬೇಕು, ಗುಟ್ಟೇನೂ ಇಲ್ಲ.

ಕುಣಿದು ಬೆವರುವ ಆಟವನ್ನು ನಾನು ದೂರುವುದಿಲ್ಲ. ನನ್ನ ತಕರಾರು ಬೇರೆ. 1996ರಲ್ಲಿ ಜಪಾನಿನಿಂದ ಬಂದ ಟಮಗೋಚಿ ಎಂಬ ಅಂಗೈಯಗಲದ ಆಟಿಕೆಯ ತೆರೆಯ ಮೇಲಿನ ಮರಿ, ಆರೈಕೆ ತಪ್ಪಿದರೆ ಸಾಯುತ್ತಿತ್ತು. 2010ರ ಈ ಹುಲಿಮರಿಗೆ ಸಾವಿಲ್ಲ. ನಾಲ್ಕು ದಿನ ಕರೆಂಟ್ ಹೋದರೂ ಬಂದೊಡನೆ ಅದೇ ಅಕ್ಕರೆಯಿಂದ ಓಡಿ ಬರುತ್ತದೆ. ಕರು ಹಾಗಲ್ಲ. ಮೊದಲ ದಿನ ಹೆದರಿ ಹಿಂದೆ ಸರಿಯುತ್ತದೆ, ಮೂರನೆಯ ದಿನ ಮರಳು ಕಾಗದದಂಥ ನಾಲಿಗೆಯಿಂದ ಕೈ ನೆಕ್ಕುತ್ತದೆ, ಅಂಗಿಯ ಅಂಚನ್ನು ಬಾಯಿಗೆ ಹಾಕಿಕೊಂಡು ಬಿಡುವುದೇ ಇಲ್ಲ.

ಆದರೆ ನಿಮ್ಮ ಪತ್ರದ ಹಿಂಬದಿಯಲ್ಲಿ ಒಂದು ಸಾಲಿದೆ: ‘ಸೆಗಣಿ ಮೆಟ್ಟುತ್ತಾನೆ, ದನ ಹಾಯುತ್ತದೆ ಎಂದು ಹಟ್ಟಿಗೆ ನಾವು ಬಿಡುವುದಿಲ್ಲ.’ ಇದನ್ನು ಮೊದಲೇ ಬರೆಯಬೇಕಿತ್ತು ಸ್ವಾಮೀ! ಹುಡುಗನನ್ನು ಹಟ್ಟಿಯಿಂದ ದೂರ ಇಟ್ಟದ್ದು ಯಂತ್ರವಲ್ಲ. ಈದ ದನ ಹಾಯುವುದು ನಿಜ, ಅದರ ಹತ್ತಿರ ಒಬ್ಬನನ್ನೇ ಬಿಡಬೇಡಿ. ನೀವು ಹಾಲು ಕರೆಯುವಾಗ ಕರುವನ್ನು ಹಗ್ಗದಲ್ಲಿ ಹಿಡಿದು ನಿಲ್ಲುವ ಕೆಲಸ ಅವನಿಗಿರಲಿ. ನಮ್ಮ ಮನೆಯಲ್ಲಿ ಅದು ನನ್ನ ಕೆಲಸವಾಗಿತ್ತು. ನಿಮ್ಮದು ಕಾಸರಗೋಡು ಗಿಡ್ಡ ತಳಿ ಎಂದಿದ್ದೀರಿ, ಕರು ಹುಡುಗನ ಸೊಂಟ ಮುಟ್ಟಲಿಕ್ಕಿಲ್ಲ. ಸೆಗಣಿ ಮೆಟ್ಟಿದರೆ ಬಾವಿಕಟ್ಟೆಯಲ್ಲಿ ನೀರಿದೆ.

ಇನ್ನೊಬ್ಬನಿಗೆ ಕೊಡಿಸುವುದು ಬೇಡ. ಮೈಕ್ರೋಸಾಫ್ಟ್ ಕೈನೆಕ್ಟ್ ತಯಾರಿಕೆಯನ್ನು 2017ರಲ್ಲೇ ನಿಲ್ಲಿಸಿದೆ. ಸಿಗುವುದೆಲ್ಲ ಹಳೆಯ ಸರಕು, ಕೆಟ್ಟರೆ ರಿಪೇರಿಗೆ ಮಂಗಳೂರಿಗೆ ಅಲೆಯಬೇಕು. ರಜೆಯಲ್ಲಿ ಅವನೂ ನಿಮ್ಮಲ್ಲಿಗೇ ಬರಲಿ. ಆ ಆಟವನ್ನು ಇಬ್ಬರೂ ಸರದಿಯಂತೆ ಆಡಬಹುದು, ಟಿ.ವಿ.ಯಿಂದ ಎಂಟು ಅಡಿ ಹಿಂದೆ ನಿಂತರಾಯಿತು.